ಮಂಗಳೂರಿನ ಬೊಮ್ಮ, ಕೈರೋದ ಕಾಗದ: ಗಡಿ ದಾಟುವ ಇತಿಹಾಸದ ಓದು

ಕಲಬುರಗಿ ಅಥವಾ ವಿಜಯಪುರದ ಕಡೆಯ ಸಹೋದರರೊಬ್ಬರು ಮಂಗಳೂರಿಗೆ ಬಂದು, ಇಲ್ಲಿಯ ಶಾಫಿ ಮಸೀದಿಯೊಂದರಲ್ಲಿ ಫಜ್ರ್ ನಮಾಝಿಗೆ ನಿಂತರೆ ಎರಡನೇ ರಕಅತ್‌ನಲ್ಲಿ ಒಂದು ಕ್ಷಣ ತಬ್ಬಿಬ್ಬಾಗುತ್ತಾರೆ. ರುಕೂವಿನಿಂದ ಎದ್ದ ಇಮಾಮರು ಸುಜೂದ್‌ಗೆ ಹೋಗುವ ಬದಲು ಕೈಯೆತ್ತಿ ಕುನೂತ್ ಓದತೊಡಗುತ್ತಾರೆ. ಹಿಂದಿನ ಸಾಲುಗಳು ಆಮೀನ್ ಹೇಳುತ್ತವೆ. ಅವರ ಊರಿನಲ್ಲಿ ಕುನೂತ್ ಇರುವುದು ಇಶಾ ನಂತರದ ವಿತ್ರ್‌ನಲ್ಲಿ. ಒಂದೇ ರಾಜ್ಯ, ಒಂದೇ ಕಿಬ್ಲಾ, ಓದುವ ಕುರ್‌ಆನ್ ಒಂದೇ. ಆದರೂ ಘಟ್ಟದ ಮೇಲಿನವರು ಬಹುತೇಕ ಹನಫಿಗಳು, ಕರಾವಳಿಯವರು ಬಹುತೇಕ ಶಾಫಿಗಳು. ಏಕೆ ಹೀಗೆ?

ಈ ಪ್ರಶ್ನೆಗೆ ಕರ್ನಾಟಕದ ಇತಿಹಾಸದ ಪುಸ್ತಕದಲ್ಲಿ ಉತ್ತರ ಸಿಗುವುದಿಲ್ಲ. ಭಾರತದ ಇತಿಹಾಸದ ಪುಸ್ತಕದಲ್ಲೂ ಸಿಗುವುದಿಲ್ಲ. ದಖ್ಖನಿನ ಒಳನಾಡಿಗೆ ಫಿಕ್ಹ್ ಬಂದದ್ದು ಹೆಚ್ಚಾಗಿ ನೆಲದ ದಾರಿಯಲ್ಲಿ, ಮಧ್ಯ ಏಷ್ಯಾ ಮತ್ತು ದೆಹಲಿಯ ಮೂಲಕ. ಅದು ಹನಫಿ ದಾರಿ. ಕರಾವಳಿಗೆ ಬಂದದ್ದು ನೀರಿನ ದಾರಿಯಲ್ಲಿ, ಯಮನ್ ಮತ್ತು ಕೆಂಪು ಸಮುದ್ರದ ಬಂದರುಗಳಿಂದ. ಅದೇ ನೀರಿನ ದಾರಿ ಮುಂದೆ ಶ್ರೀಲಂಕಾ, ಸುಮಾತ್ರಾ, ಜಾವಾಗಳಿಗೂ, ಇತ್ತ ಆಫ್ರಿಕಾದ ಪೂರ್ವ ತೀರಕ್ಕೂ ಹೋಗುತ್ತದೆ. ಅಲ್ಲಿಯವರೂ ಶಾಫಿಗಳೇ. ಫಿಕ್ಹ್‌ನ ಮಟ್ಟಿಗೆ ಉಳ್ಳಾಲದ ಒಬ್ಬ ಮೀನುಗಾರನಿಗೆ ಬೀದರಿನ ರೈತನಿಗಿಂತ ಜಾವಾದ ರೈತ ಹತ್ತಿರದವನು.

ಹೀಗೆ ರಾಷ್ಟ್ರದ ಗಡಿಯೊಳಗೆ ನಿಂತು ಉತ್ತರಿಸಲಾಗದ ಪ್ರಶ್ನೆಗಳನ್ನು ಹಿಡಿದು ಹೊರಡುವ ಅಧ್ಯಯನಕ್ಕೆ ವಿಶ್ವವಿದ್ಯಾಲಯಗಳಲ್ಲಿ ಟ್ರಾನ್ಸ್‌ನ್ಯಾಷನಲ್ ಹಿಸ್ಟರಿ ಎನ್ನುತ್ತಾರೆ. ಕನ್ನಡದಲ್ಲಿ ಗಡಿ ದಾಟುವ ಇತಿಹಾಸ ಎನ್ನಬಹುದು. ಸ್ನಾತಕೋತ್ತರ ಹಂತದಲ್ಲಿ ಇದನ್ನು ವಿಶೇಷವಾಗಿ ಆರಿಸಿಕೊಳ್ಳಬಹುದಾದ ವಿಶ್ವವಿದ್ಯಾಲಯಗಳು ಯುರೋಪಿನಲ್ಲಿ ಹಲವಿವೆ. ನಮ್ಮಲ್ಲಿ ಇತಿಹಾಸದ ಎಂ.ಎ. ಒಳಗೆ ಹಿಂದೂ ಮಹಾಸಾಗರದ ಇತಿಹಾಸ, ಸಮುದ್ರ ವ್ಯಾಪಾರದ ಇತಿಹಾಸ ಎಂಬ ಹೆಸರಿನಲ್ಲಿ ಅಲ್ಲಲ್ಲಿ ಬರುತ್ತದೆ. ಮಗಳು ಬಿ.ಎ. ಮುಗಿಸಿ "ನಾನು ಇದನ್ನು ಓದುತ್ತೇನೆ" ಎಂದಾಗ ಮನೆಯಲ್ಲಿ ಎರಡು ಪ್ರಶ್ನೆ ಏಳುತ್ತದೆ. ಇದರಲ್ಲಿ ಏನು ಕಲಿಯುತ್ತಾರೆ? ಕಲಿತು ಏನು ಸಿಗುತ್ತದೆ? ಎರಡೂ ನ್ಯಾಯವಾದ ಪ್ರಶ್ನೆಗಳೇ. ಮೊದಲನೆಯದಕ್ಕೆ ನಮ್ಮದೇ ಕರಾವಳಿಯ ಒಂದು ಪ್ರಸಂಗದ ಮೂಲಕ ಉತ್ತರ ಹೇಳುತ್ತೇನೆ.

ಹಳೆಯ ಕೈರೋದ ಫುಸ್ತಾತ್‌ನಲ್ಲಿ ಬೆನ್ ಎಜ್ರಾ ಎಂಬ ಯಹೂದಿ ಪ್ರಾರ್ಥನಾ ಮಂದಿರವಿದೆ. ದೇವರ ಹೆಸರು ಇರಬಹುದಾದ ಬರಹವನ್ನು ಕಸಕ್ಕೆ ಎಸೆಯಬಾರದೆಂಬುದು ಅವರ ಸಂಪ್ರದಾಯ. ಹರಿದ ಮುಸ್‌ಹಫ್‌ನ ಹಾಳೆಯನ್ನು ನಾವು ಕಸದ ಬುಟ್ಟಿಗೆ ಹಾಕುತ್ತೇವೆಯೇ? ಹಾಗೆಯೇ. ಅವರು ಅಂಥ ಕಾಗದಗಳನ್ನು 'ಗೆನಿಜಾ' ಎಂಬ ಕೋಣೆಗೆ ಹಾಕುತ್ತಿದ್ದರು. ಧರ್ಮಗ್ರಂಥದ ಹಾಳೆಗಳ ಜೊತೆಗೆ ವ್ಯಾಪಾರದ ಪತ್ರ, ಸಾಲದ ಲೆಕ್ಕ, ಮದುವೆಯ ಕರಾರು, ಮಕ್ಕಳು ಅಕ್ಷರ ತಿದ್ದಿದ ಹಾಳೆ ಎಲ್ಲವೂ ಅಲ್ಲಿ ಸೇರಿದವು. ಶತಮಾನಗಳ ಕಾಲ ಹೀಗೆ ಸೇರುತ್ತಾ ಹೋಯಿತು. ಈಜಿಪ್ಟಿನ ಒಣ ಹವೆಯಲ್ಲಿ ಅವು ಕೊಳೆಯಲಿಲ್ಲ. 1896-97ರಲ್ಲಿ ಸೊಲೊಮನ್ ಶೆಕ್ಟರ್ ಎಂಬ ವಿದ್ವಾಂಸ ಅದರ ದೊಡ್ಡ ಭಾಗವನ್ನು ಕೇಂಬ್ರಿಡ್ಜ್‌ಗೆ ಒಯ್ದರು. ಅಲ್ಲಿ ಈಗ ಒಂದು ಲಕ್ಷ 90 ಸಾವಿರಕ್ಕೂ ಹೆಚ್ಚು ತುಣುಕುಗಳಿವೆ. ಉಳಿದವು ಆಕ್ಸ್‌ಫರ್ಡ್, ನ್ಯೂಯಾರ್ಕ್, ಸೇಂಟ್ ಪೀಟರ್ಸ್‌ಬರ್ಗ್ ಮುಂತಾದ ಕಡೆ ಚದುರಿಹೋದವು.

ಆ ತುಣುಕುಗಳಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ವ್ಯಾಪಾರಿಯ ಕಾಗದಗಳು ಸಿಕ್ಕವು. ಇಂದಿನ ಟ್ಯುನೀಷಿಯಾದ ಮಹ್ದಿಯಾ ಅವನ ಊರು. ಅಲ್ಲಿಂದ ಏಡನ್‌ಗೆ ಬಂದ, ಏಡನ್‌ನಿಂದ ಮಂಗಳೂರಿಗೆ. 1132ರಿಂದ 1149ರವರೆಗಿನ ಹೆಚ್ಚಿನ ಕಾಲವನ್ನು ಅವನು ಈ ತೀರದಲ್ಲೇ ಕಳೆದ. ಇಲ್ಲಿ ಕಂಚಿನ ಪಾತ್ರೆ ಮಾಡಿಸುವ ಕಾರ್ಖಾನೆ ಇಟ್ಟಿದ್ದ. ಕರಿಮೆಣಸು, ಅಡಿಕೆ, ಕಬ್ಬಿಣ, ಕಂಚಿನ ಸಾಮಾನು ಇಲ್ಲಿಂದ ಹೋಗುತ್ತಿತ್ತು. ಅಲ್ಲಿಂದ ತಾಮ್ರ, ಸಕ್ಕರೆ, ಒಣದ್ರಾಕ್ಷಿ, ಚಾಪೆ ಬರುತ್ತಿತ್ತು. ಜೊತೆಗೆ ಕಾಗದ. ಇಲ್ಲಿ ಜನ ಓಲೆಯ ಮೇಲೆ ಬರೆಯುತ್ತಿದ್ದ ಕಾಲ ಅದು, ಕಾಗದ ಸಿಗುತ್ತಿರಲಿಲ್ಲ. ಆದ್ದರಿಂದ ಬಂದ ಪತ್ರಗಳ ಖಾಲಿ ಜಾಗದಲ್ಲೇ ಅವನು ಲೆಕ್ಕ ಬರೆದಿಟ್ಟ. ಇತಿಹಾಸಕಾರರಿಗೆ ಇದರಿಂದ ಲಾಭವೇ ಆಯಿತು. ಒಂದೇ ತುಂಡಿನಲ್ಲಿ ಏಡನ್‌ನ ಮಾತೂ ಇದೆ, ಮಂಗಳೂರಿನ ಲೆಕ್ಕವೂ ಇದೆ.

ಏಡನ್‌ನಿಂದ ಅವನಿಗೆ ಪತ್ರ ಬರೆಯುತ್ತಿದ್ದವರಲ್ಲಿ ಮುಖ್ಯನಾದವನು ಅಲ್ಲಿಯ ವರ್ತಕರ ಮುಖಂಡ ಮದ್ಮೂನ್. ಅವನೂ ಯಹೂದಿ. ಆದರೆ ಸಿಲೋನಿನ ವ್ಯಾಪಾರಕ್ಕೆ ಹಡಗು ಕಟ್ಟಿಸುವಾಗ ಅವನ ಪಾಲುದಾರ ಏಡನ್‌ನ ಮುಸ್ಲಿಂ ಅಧಿಪತಿ ಬಿಲಾಲ್ ಇಬ್ನ್ ಜರೀರ್. ಪತ್ರಗಳ ಭಾಷೆ ಅರಬಿ, ಲಿಪಿ ಮಾತ್ರ ಹೀಬ್ರೂ. ಧರ್ಮ, ಭಾಷೆ, ಲಿಪಿ ಎಂದು ನಾವು ಇಂದು ಬೇರೆ ಬೇರೆ ಕಪಾಟಿನಲ್ಲಿ ಇಡುವ ಸಂಗತಿಗಳು ಆ ಕಾಗದದಲ್ಲಿ ಒಟ್ಟಿಗೆ ಕುಳಿತಿವೆ.

ಈ ಪತ್ರಗಳ ಅಂಚಿನಲ್ಲಿ ಒಬ್ಬ ಆಳಿನ ಹೆಸರು ಬರುತ್ತದೆ. ಬೆನ್ ಯಿಜುವಿನ ಗುಲಾಮ. ಯಜಮಾನನ ಪರವಾಗಿ ಸರಕು ಹಿಡಿದುಕೊಂಡು ಏಡನ್‌ಗೆ ಹೋಗಿ ವ್ಯವಹಾರ ಮಾಡಿ ಬರುತ್ತಿದ್ದವನು. ಒಮ್ಮೆ ಅಲ್ಲಿ ಕುಡಿದು ಹಣಕ್ಕೆ ಪೀಡಿಸಿದನೆಂಬ ದೂರೂ ಮಂಗಳೂರಿಗೆ ಬಂದಿದೆ. ಆದರೆ ನಂತರದ ಪತ್ರಗಳಲ್ಲಿ ಏಡನ್‌ನ ದೊಡ್ಡ ವರ್ತಕರು ಅವನಿಗೆ ಹೆಸರು ಹಿಡಿದು ಸಲಾಂ ಕಳುಹಿಸುತ್ತಾರೆ. ಆ ಹೆಸರನ್ನು ಓದುವುದೇ ಕಷ್ಟವಾಯಿತು. ಸ್ವರಚಿಹ್ನೆ ಇಲ್ಲದ ಕೆಲವೇ ವ್ಯಂಜನಗಳು. ಜೆರೆ, ಜಬರ್ ಇಲ್ಲದ ಅರಬಿಯನ್ನು ಓದಲು ಹೆಣಗಿದವರಿಗೆ ಆ ಕಷ್ಟ ಗೊತ್ತು.

1978ರಲ್ಲಿ ಆಕ್ಸ್‌ಫರ್ಡ್‌ನ ಗ್ರಂಥಾಲಯದಲ್ಲಿ ಅಮಿತಾವ್ ಘೋಷ್ ಎಂಬ ವಿದ್ಯಾರ್ಥಿಯ ಕಣ್ಣಿಗೆ ಆ ಗುಲಾಮ ಬಿದ್ದ. ಇಂದು ಅವರು ಹೆಸರಾಂತ ಕಾದಂಬರಿಕಾರರು. ಅಂದು ಮಾನವಶಾಸ್ತ್ರದ ವಿದ್ಯಾರ್ಥಿ. 1980ರಲ್ಲಿ ಅವರು ಈಜಿಪ್ಟಿನ ಹಳ್ಳಿಯೊಂದಕ್ಕೆ ಹೋಗಿ ನೆಲೆಸಿದರು, ಅಲ್ಲಿಯ ಫಲ್ಲಾಹ್‌ಗಳ ಜೊತೆ ಮಾತನಾಡುತ್ತಾ ಅರಬಿ ಕಲಿತರು. ಆಮೇಲೆ ಹೀಬ್ರೂ ಲಿಪಿ ಕಲಿತು ಗೆನಿಜಾದ ಪತ್ರಗಳನ್ನು ಓದತೊಡಗಿದಾಗ, ಆ ಹಳ್ಳಿಯಲ್ಲಿ ಕಲಿತ ಆಡುಮಾತೇ ನೆರವಿಗೆ ಬಂತು. ಎಂಟುನೂರು ವರ್ಷ ಹಿಂದಿನ ವರ್ತಕರ ಅರಬಿ ಪುಸ್ತಕದ ಅರಬಿಗಿಂತ ಹಳ್ಳಿಯ ಅರಬಿಗೆ ಹತ್ತಿರವಿತ್ತು. ಆದರೆ ಆಳಿನ ಹೆಸರು ಅರಬಿಯಿಂದ ಬಿಡಿಸಿಕೊಳ್ಳುವಂಥದ್ದಲ್ಲ. ಅದಕ್ಕೆ ಅವರು ಮಂಗಳೂರಿಗೇ ಬರಬೇಕಾಯಿತು. ತುಳು, ಕನ್ನಡ ಜಾನಪದದ ವಿದ್ವಾಂಸ ಬಿ.ಎ. ವಿವೇಕ ರೈ ಅವರೊಡನೆ ಕುಳಿತು ಚರ್ಚಿಸಿದಾಗ ಗಂಟು ಬಿಚ್ಚಿತು. ಬೊಮ್ಮ! ಹನ್ನೆರಡನೇ ಶತಮಾನದ ಈ ನಾಡಿನಲ್ಲಿ ಸಾಮಾನ್ಯವಾಗಿದ್ದ ಹೆಸರು. 1992ರಲ್ಲಿ ಬಂದ ಅವರ 'ಇನ್ ಆ್ಯನ್ ಆಂಟೀಕ್ ಲ್ಯಾಂಡ್' ಪುಸ್ತಕದಲ್ಲಿ ಈ ಶೋಧದ ಕಥೆಯಿದೆ. ಪತ್ರಗಳ ಸಂಗ್ರಹವನ್ನು ಗೊಯ್ಟೈನ್ ಎಂಬ ವಿದ್ವಾಂಸರು ದಶಕಗಳ ಕಾಲ ಸಿದ್ಧಪಡಿಸುತ್ತಾ 1985ರಲ್ಲಿ ತೀರಿಕೊಂಡರು. ಅವರ ಶಿಷ್ಯ ಫ್ರೀಡ್‌ಮನ್ ಮುಗಿಸಿ ಅಚ್ಚು ಹಾಕಿಸುವಾಗ 2008 ಆಗಿತ್ತು.

ಈ ಓದಿನಲ್ಲಿ ಏನು ಕಲಿಯುತ್ತಾರೆ ಎಂಬುದಕ್ಕೆ ಇದೇ ಉತ್ತರ. ಒಂದು ಹೆಸರಿಗಾಗಿ ಮೂರು ದೇಶ, ನಾಲ್ಕು ಭಾಷೆ. ನಮಗೆ ಇದು ಹೊಸದಾಗಿ ಕಾಣಬಾರದು. ಒಂದೇ ಒಂದು ಹದೀಸನ್ನು ಕೇಳಿದವರ ಬಾಯಿಂದಲೇ ಕೇಳಬೇಕೆಂದು ಜಾಬಿರ್ ಇಬ್ನ್ ಅಬ್ದುಲ್ಲಾ(ರ) ಒಂಟೆ ಖರೀದಿಸಿ ಒಂದು ತಿಂಗಳ ದಾರಿ ಕ್ರಮಿಸಿದ್ದನ್ನು ನಾವು ಖುತ್ಬಾಗಳಲ್ಲಿ ಕೇಳುತ್ತಲೇ ಇದ್ದೇವೆ. ಹದೀಸಿಗಾಗಿ ಮಾಡಿದ ಪ್ರಯಾಣಗಳ ಬಗ್ಗೆಯೇ ಖತೀಬ್ ಬಗ್ದಾದಿ ಒಂದು ಕೃತಿ ಬರೆದಿದ್ದಾರೆ. ಯಾರು ಹೇಳಿದರು, ಅವರು ಯಾರಿಂದ ಕೇಳಿದರು, ಇಬ್ಬರೂ ಭೇಟಿಯಾಗಲು ಸಾಧ್ಯವಿತ್ತೇ ಎಂದು ಮುಹದ್ದಿಸರು ಕೇಳಿದ ಪ್ರಶ್ನೆಗಳನ್ನೇ ಇತಿಹಾಸದ ವಿದ್ಯಾರ್ಥಿ ಕಾಗದಕ್ಕೆ ಕೇಳುತ್ತಾನೆ.

ಹಾಗೆ ಕೇಳುವಾಗ ನಮಗೆ ಪ್ರಿಯವಾದ ಮಾತುಗಳನ್ನೂ ಬಿಡುವಂತಿಲ್ಲ. ಇಬ್ನ್ ಬತೂತಾ ಹೊನ್ನಾವರದಲ್ಲಿ ಹೆಣ್ಣುಮಕ್ಕಳ 13 ಮತ್ತು ಗಂಡುಮಕ್ಕಳ 23 ಮದ್ರಸಗಳನ್ನು ಕಂಡದ್ದಾಗಿಯೂ, ಅಲ್ಲಿಯ ಸ್ತ್ರೀಯರು ಕುರ್‌ಆನ್ ಕಂಠಪಾಠ ಮಾಡಿದ್ದಾಗಿಯೂ ಹೇಳಿರುವುದು ನಮ್ಮ ಶಾಲಾ ವಾರ್ಷಿಕೋತ್ಸವಗಳಲ್ಲಿ ಪದೇ ಪದೇ ಕೇಳಿಬರುತ್ತದೆ. ಹೆಮ್ಮೆಯ ಮಾತೇ ಸರಿ. ಆದರೆ ಎಂ.ಎ. ತರಗತಿಯಲ್ಲಿ ಅಷ್ಟಕ್ಕೇ ಬಿಡುವುದಿಲ್ಲ. ಅವರು ಹೊನ್ನಾವರಕ್ಕೆ ಬಂದದ್ದು 1340ರ ದಶಕದ ಆರಂಭದಲ್ಲಿ. ಮೊರಾಕ್ಕೊದ ಫೆಸ್ ನಗರದಲ್ಲಿ ಇಬ್ನ್ ಜುಝೈ ಎಂಬವರಿಗೆ ಹೇಳಿ ಬರೆಸಿದ್ದು ಹತ್ತು ವರ್ಷಕ್ಕೂ ಹೆಚ್ಚು ಕಾಲ ಕಳೆದ ಮೇಲೆ. ನೆನಪಿನಿಂದ ಹೇಳಿದ ಸಂಖ್ಯೆ ಎಷ್ಟು ಖಚಿತ? ಅದೇ ಪುಟಗಳಲ್ಲಿ ಹೊನ್ನಾವರದ ಸುಲ್ತಾನ್ ಜಮಾಲುದ್ದೀನ್, ಹರ್ಯಬ್ ಎಂಬ ಹಿಂದೂ ಅರಸನಿಗೆ ಅಧೀನನಾಗಿದ್ದ ಎಂದೂ ಇದೆ. ಈ ಅರಸ ವಿಜಯನಗರದ ಹರಿಹರ ಎಂಬುದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಅದೇ ಸುಲ್ತಾನ್ ಗೋವೆಯ ಮೇಲೆ ಹಡಗುಗಳನ್ನು ಒಯ್ದಾಗ ಇಬ್ನ್ ಬತೂತಾ ತಾವೂ ಜೊತೆಗೆ ಹೋದರು. ಮಂಗಳೂರಿನಲ್ಲಿ ಸುಮಾರು 4000 ಮುಸ್ಲಿಮರಿದ್ದರು, ಊರಿನವರೊಡನೆ ಕೆಲವೊಮ್ಮೆ ಜಗಳವಾಗುತ್ತಿತ್ತು, ವರ್ತಕರು ಬೇಕಾಗಿದ್ದರಿಂದ ಅರಸನೇ ರಾಜಿ ಮಾಡಿಸುತ್ತಿದ್ದ ಎಂಬುದೂ ಅಲ್ಲಿದೆ. ಮದ್ರಸದ ಸಾಲನ್ನು ಮಾತ್ರ ಎತ್ತಿಕೊಂಡು ಉಳಿದದ್ದನ್ನು ಬಿಟ್ಟರೆ ಅದು ಇತಿಹಾಸವಲ್ಲ, ಭಾಷಣ.

ಇನ್ನೊಂದು ಸಂಗತಿ ಇದಕ್ಕಿಂತ ಹತ್ತಿರದ್ದು. ನಮ್ಮ ದರ್ಸ್‌ಗಳಲ್ಲಿ ಓದಿಸುವ 'ಫತ್‌ಹುಲ್ ಮುಈನ್' ಹದಿನಾರನೇ ಶತಮಾನದಲ್ಲಿ ಮಲಬಾರಿನ ಝೈನುದ್ದೀನ್ ಮಖ್ದೂಮರು ಬರೆದ ಶಾಫಿ ಫಿಕ್ಹ್ ಗ್ರಂಥ. ಅರಬರ ಜ್ಞಾನ ಕಡಲು ದಾಟಿ ಇಲ್ಲಿಗೆ ಬಂತೆಂದು ಮಾತ್ರ ನಾವು ಹೇಳುತ್ತೇವೆ. ಆದರೆ ಈ ಕಿತಾಬ್ ಇಲ್ಲಿಂದ ಅಲ್ಲಿಗೆ ಹೋಯಿತು. ಹತ್ತೊಂಬತ್ತನೇ ಶತಮಾನದಲ್ಲಿ ಮಕ್ಕಾದಲ್ಲಿ ಅದಕ್ಕೆ 'ಇಆನತುತ್ತಾಲಿಬೀನ್' ಎಂಬ ವ್ಯಾಖ್ಯಾನ ಬರೆಯಲಾಯಿತು. ಇಂದಿಗೂ ಇಂಡೋನೇಷ್ಯಾದ ಪೆಸಾಂತ್ರೆನ್ ಎಂಬ ಮದ್ರಸಗಳಲ್ಲಿ ಅದು ಪಠ್ಯ. ಶಾಫಿ ಗ್ರಂಥಗಳ ಈ ಪಯಣದ ಬಗ್ಗೆಯೇ ಕೇರಳದ ಮಹ್ಮೂದ್ ಕೂರಿಯಾ ಹಾಲೆಂಡಿನ ಲೈಡನ್ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಮಾಡಿದರು. 2022ರಲ್ಲಿ ಅವರ ಪುಸ್ತಕ ಬಂತು, 2024ರಲ್ಲಿ ಇನ್ಫೋಸಿಸ್ ಪ್ರಶಸ್ತಿಯೂ ಬಂತು. ದರ್ಸ್‌ನಲ್ಲಿ ನಮ್ಮ ಮಕ್ಕಳು ದಿನವೂ ಮುಟ್ಟುವ ಕಿತಾಬೇ ಅವರ ಸಂಶೋಧನೆಯ ಆಧಾರ. ಅದನ್ನು ಹೀಗೆ ನೋಡಬಹುದೆಂದು ನಮ್ಮಲ್ಲಿ ಎಷ್ಟು ಮಂದಿಗೆ ಹೊಳೆದಿದೆ?

ಒಳನಾಡಿನಲ್ಲೂ ವಿಷಯಗಳಿಗೆ ಕೊರತೆಯಿಲ್ಲ. ಬೀದರಿನ ಮದ್ರಸ ಕಟ್ಟಿಸಿದ ಮಹ್ಮೂದ್ ಗವಾನ್ ಇರಾನಿನ ಗೀಲಾನ್‌ನವರು, ಅವರ ಪತ್ರಗಳು ಉಸ್ಮಾನಿ ಸುಲ್ತಾನನವರೆಗೆ ಹೋಗುತ್ತಿದ್ದವು. 1786ರಲ್ಲಿ ಟಿಪ್ಪು ಸುಲ್ತಾನ್ ಕಳುಹಿಸಿದ ನಿಯೋಗ ಉತ್ತರ ಕನ್ನಡದ ತದಡಿ ಬಂದರಿನಿಂದ ಇಸ್ತಾಂಬುಲ್‌ಗೆ ಹೊರಟಿತು. ಆ ಪ್ರಯಾಣದ ದಿನಚರಿ ಫಾರ್ಸಿಯಲ್ಲಿ ಉಳಿದಿದೆ.

ಈ ಓದು ಯಾಕೆ ಬೇಕು ಎಂಬುದಕ್ಕೆ ನನ್ನ ಕಾರಣ ಬೇರೆಯೇ. "ನೀವು ಎಲ್ಲಿಂದ ಬಂದವರು?" ಎಂಬ ಪ್ರಶ್ನೆ ನಮ್ಮ ಮಕ್ಕಳಿಗೆ ಕಾಲೇಜಿನಲ್ಲಿ, ಬಸ್ಸಿನಲ್ಲಿ, ಮೊಬೈಲಿನಲ್ಲಿ ಎದುರಾಗುತ್ತಿದೆ. ಕೇಳುವವರ ಲೆಕ್ಕದಲ್ಲಿ ನಾವು ಹೊರಗಿನಿಂದ ಬಂದವರು. ಬೇಸರದ ಸಂಗತಿಯೆಂದರೆ, ನಮ್ಮಲ್ಲೇ ಹಲವರು ಅದಕ್ಕೆ ತಕ್ಕ ಉತ್ತರ ಕೊಡುತ್ತಾರೆ. ನಮ್ಮ ಅಜ್ಜ ಅರಬಿ, ನಮ್ಮದು ಯಮನಿನ ವಂಶ ಎಂದು ಎದೆಯುಬ್ಬಿಸುತ್ತಾರೆ. ಕೆಲವು ಮನೆತನಗಳ ಮಟ್ಟಿಗೆ ಅದು ನಿಜವಿರಬಹುದು. ಆದರೆ ಅಜ್ಜಿ ಎಲ್ಲಿಯವರು? ಬೆನ್ ಯಿಜು 1132ರ ಅಕ್ಟೋಬರ್‌ನಲ್ಲಿ ಮಂಗಳೂರಿನಲ್ಲಿ ಅಶು ಎಂಬ ಗುಲಾಮ ಹೆಣ್ಣನ್ನು ಬಿಡುಗಡೆ ಮಾಡಿದ ಪತ್ರ ಉಳಿದಿದೆ. ಅವನ ಮಕ್ಕಳ ತಾಯಿ ಅವಳೇ ಎಂದು ವಿದ್ವಾಂಸರು ತಿಳಿಯುತ್ತಾರೆ. ಅವಳು ಈ ತೀರದವಳು. ಕಡಲು ದಾಟಿ ಬಂದ ಪ್ರತಿಯೊಬ್ಬ ವರ್ತಕನ ಮನೆಯಲ್ಲೂ ಅಡುಗೆಮನೆಯ ಮಾತು ತಾಯಿಯದೇ. ಬ್ಯಾರಿ ಭಾಷೆ ಅರಬಿಯ ಮಗಳಲ್ಲ, ಮಲಯಾಳ, ತುಳುಗಳ ಬಳಗದ್ದು. ಭಟ್ಕಳದ ನವಾಯತಿಯಲ್ಲಿ ಅರಬಿ, ಫಾರ್ಸಿ ಪದಗಳು ಎಷ್ಟಿದ್ದರೂ ಅದರ ಬೆನ್ನೆಲುಬು ಕೊಂಕಣಿ. ಇನ್ನು ಬೊಮ್ಮ? ಅವನು ಎಲ್ಲಿಂದಲೂ ಬಂದವನಲ್ಲ. ಇಲ್ಲಿಂದ ಹೋದವನು. ಬಂದವರ ಲೆಕ್ಕವನ್ನೇ ಎರಡೂ ಕಡೆಯವರು ಹೇಳುತ್ತಾ ಕುಳಿತರೆ ಹೋದವರ ಲೆಕ್ಕ ಯಾರು ಇಡಬೇಕು? ಸೂರಃ ಅಲ್-ಹುಜುರಾತ್‌ನ 13ನೇ ವಚನದ ಮೇಲೆ ನಾವು ಎಷ್ಟೋ ಖುತ್ಬಾ ಕೇಳಿದ್ದೇವೆ. ಜನಾಂಗ, ಗೋತ್ರಗಳು ಇರುವುದು ಪರಸ್ಪರ ಅರಿಯುವುದಕ್ಕೆ. ವಂಶದ ಬಡಾಯಿಗೆ ಅಲ್ಲಿ ಜಾಗವಿಲ್ಲ.

ಈಗ ಎರಡನೇ ಪ್ರಶ್ನೆ, ಸಿಗುವುದೇನು? ಮುಚ್ಚುಮರೆಯಿಲ್ಲದೆ ಹೇಳುವುದಾದರೆ, ಕೆಲಸದ ಖಾತ್ರಿ ಇಲ್ಲ. ಇತಿಹಾಸ ಉಪನ್ಯಾಸಕರ ಹುದ್ದೆಗಳು ಕಡಿಮೆ, ಅರ್ಜಿಗಳು ಹೆಚ್ಚು. ಅಲ್ಪಸಂಖ್ಯಾತ ಸಂಶೋಧಕರಿಗಿದ್ದ ಮೌಲಾನಾ ಆಝಾದ್ ಫೆಲೋಶಿಪ್ ಅನ್ನು ಕೇಂದ್ರ ಸರಕಾರ 2022-23ರಿಂದ ನಿಲ್ಲಿಸಿದೆ. ನೆಟ್ ಪರೀಕ್ಷೆಯಲ್ಲಿ ಜೆ.ಆರ್.ಎಫ್. ಪಡೆದರೆ ಮಾತ್ರ ಇಲ್ಲಿ ಪಿಎಚ್.ಡಿ. ಕಾಲ ನೆಮ್ಮದಿಯಿಂದ ಕಳೆಯಬಹುದು. ಬ್ರಿಟನ್ನಿನಲ್ಲಿ ಎಂ.ಎ. ಒಂದೇ ವರ್ಷದ್ದು, ಆದರೆ ಶುಲ್ಕ ಹಲವು ಲಕ್ಷ. ಅದಕ್ಕಾಗಿ ಬ್ಯಾಂಕಿನ ಬಡ್ಡಿ ಸಾಲಕ್ಕೆ ಇಳಿಯುವುದು ದೀನಿನ ದೃಷ್ಟಿಯಿಂದಲೂ ಮನೆಯ ಲೆಕ್ಕದಿಂದಲೂ ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಎಂ.ಎ. ಇಲ್ಲಿಯೇ ಓದಲಿ. ಆ ಎರಡು ವರ್ಷದಲ್ಲಿ ಒಂದು ಹೊಸ ಭಾಷೆಯನ್ನು ಗಟ್ಟಿಯಾಗಿ ಕಲಿಯಲಿ. ದಖ್ಖನಿನ ವಿಷಯವಾದರೆ ಫಾರ್ಸಿ, 1498ರ ನಂತರದ ಕರಾವಳಿಯಾದರೆ ಪೋರ್ಚುಗೀಸ್, ಅದಕ್ಕೂ ಹಿಂದಿನದಾದರೆ ಹಳಗನ್ನಡ ಶಾಸನ ಓದಲು ಬರಬೇಕು. ನಂತರ ಸಂಬಳವಿರುವ ಪಿಎಚ್.ಡಿ. ಹುದ್ದೆಗೆ ಹೊರದೇಶಕ್ಕೆ ಅರ್ಜಿ ಹಾಕಲಿ. ಯುರೋಪಿನ ಕೆಲವು ದೇಶಗಳಲ್ಲಿ ಪಿಎಚ್.ಡಿ. ವಿದ್ಯಾರ್ಥಿಯನ್ನು ವೇತನದ ನೌಕರನಾಗಿಯೇ ತೆಗೆದುಕೊಳ್ಳುತ್ತಾರೆ.

ಭಾಷೆಯ ಮಾತು ಒತ್ತಿ ಹೇಳಲು ಕಾರಣವಿದೆ. ಇಂಗ್ಲಿಷ್ ಒಂದನ್ನೇ ಬಲ್ಲವರು ಬರೆಯುವ ಜಾಗತಿಕ ಇತಿಹಾಸ ಈಗ ರಾಶಿ ಬೀಳುತ್ತಿದೆ. ಅದರಲ್ಲಿ ಕಂಪೆನಿ ಸರಕಾರದ ಕಡತ ಮಾತನಾಡುತ್ತದೆ, ಬೊಮ್ಮ ಮಾತನಾಡುವುದಿಲ್ಲ. ನಮ್ಮ ಕರಾವಳಿಯ ಸಾಧಾರಣ ಮನೆಯ ಹುಡುಗಿಗೆ ಹದಿನೆಂಟು ವರ್ಷಕ್ಕೆ ಬ್ಯಾರಿ, ತುಳು, ಕನ್ನಡ, ಇಂಗ್ಲಿಷ್ ಗೊತ್ತಿರುತ್ತದೆ. ಅರಬಿ ಲಿಪಿ ಮದ್ರಸದಲ್ಲಿ ಕಲಿತಿರುತ್ತಾಳೆ. ಕಲಬುರಗಿಯ ಹುಡುಗನಿಗೆ ದಖನಿ, ಉರ್ದು, ಕನ್ನಡ ಬರುತ್ತದೆ, ನಸ್ತಲೀಕ್ ಓದುತ್ತಾನೆ, ಅಲ್ಲಿಂದ ಫಾರ್ಸಿಗೆ ಇರುವುದು ಕೆಲವೇ ಹೆಜ್ಜೆ. ವಿದೇಶಿ ವಿದ್ಯಾರ್ಥಿ ಇವುಗಳಲ್ಲಿ ಒಂದನ್ನು ಕಲಿಯಲು ವರ್ಷಗಟ್ಟಲೆ ಕಷ್ಟಪಡುತ್ತಾನೆ. ಇಷ್ಟು ಬಂಡವಾಳ ಇರುವ ಮಕ್ಕಳನ್ನು ಕಳೆದ ಮೂವತ್ತು ವರ್ಷಗಳಲ್ಲಿ ನಾವು ಇಂಜಿನಿಯರಿಂಗ್ ಕಡೆಗೇ ದಬ್ಬಿದೆವು. ಅವರಲ್ಲಿ ಎಷ್ಟೋ ಮಂದಿ ಕಲಿತದ್ದಕ್ಕೆ ಸಂಬಂಧವಿಲ್ಲದ ಕೆಲಸಕ್ಕೆ ಗಲ್ಫ್‌ನಲ್ಲಿದ್ದಾರೆ. ಮನೆಗೊಬ್ಬರು ಬೇಡ, ಜಮಾಅತ್‌ಗೊಬ್ಬರಾದರೂ ಇತಿಹಾಸ ಓದಲಿ. ಓದುವವರ ಶುಲ್ಕಕ್ಕೆ ಜಮಾಅತ್ ನೆರವಾಗಲಿ. ಹಾಫಿಝ್ ಆಗುವ ಮಗುವಿಗೆ ನೆರವಾಗುವಂತೆಯೇ.

ಇದಕ್ಕೆ ಅವಸರವೂ ಇದೆ. ಗೆನಿಜಾ ಉಳಿದದ್ದು ಅವರು ಬಿಸಾಡದೆ ಇಟ್ಟದ್ದರಿಂದ. ನಮ್ಮಲ್ಲೂ ಇಡುವ ರೂಢಿ ಇತ್ತು. ಯಮನಿನ ಸನಾ ನಗರದ ದೊಡ್ಡ ಮಸೀದಿಯ ಅಟ್ಟದಲ್ಲಿ 1972ರ ದುರಸ್ತಿಯ ವೇಳೆ ಅತಿ ಪ್ರಾಚೀನ ಮುಸ್‌ಹಫ್‌ಗಳ ಹಾಳೆಗಳು ಸಿಕ್ಕಿದ್ದು ಹಾಗೆ. ನಮ್ಮ ಮಳೆನಾಡಿನಲ್ಲಿ ಇಟ್ಟದ್ದೂ ಗೆದ್ದಲು ಪಾಲು. ಅದಕ್ಕೂ ಮೊದಲೇ ನಾವು ಗೋಣಿಚೀಲದಲ್ಲಿ ಕಟ್ಟಿ ಹೊಳೆಗೆ ಬಿಡುತ್ತೇವೆ ಅಥವಾ ಹೂಳುತ್ತೇವೆ. ಮುಸ್‌ಹಫ್‌ಗೆ ಗೌರವ ಸಲ್ಲಬೇಕಾದದ್ದೇ. ಆದರೆ ಆ ಚೀಲದಲ್ಲಿ ಏನೇನು ಹೋಗುತ್ತದೆ ಎಂದು ನೋಡಿದವರು ಯಾರು? ಅರಬಿ ಮಲಯಾಳದ ಮಾಲೆ, ಮೌಲಿದ್ ಕಿತಾಬ್‌ಗಳು, ನಿಕಾಹ್ ದಫ್ತರ್‌ನ ಹಳೆಯ ಪುಟ, ಅಜ್ಜ ಅಂಗಡಿಯ ಲೆಕ್ಕ ಬರೆದ ಉರ್ದು ಪುಸ್ತಕ. ಕಪಾಟಿನ ತಳದಲ್ಲಿ ಎಪ್ಪತ್ತು, ಎಂಬತ್ತರ ದಶಕದಲ್ಲಿ ಸೌದಿಯಿಂದ, ದುಬೈಯಿಂದ ಬಂದ ಏರೋಗ್ರಾಮ್‌ಗಳು. ಓದು ಬಾರದ ತಾಯಿಗಾಗಿ ಮಗ ಕ್ಯಾಸೆಟ್‌ನಲ್ಲಿ ದನಿ ತುಂಬಿ ಕಳುಹಿಸಿದ್ದೂ ಇರಬಹುದು. ಬೆನ್ ಯಿಜುವಿನ ಕಾಗದಗಳಲ್ಲಿ ಇದ್ದದ್ದೂ ಇಂಥದ್ದೇ. ಸರಕಿನ ಪಟ್ಟಿ, ಉಡುಗೊರೆ, ಊರಿನ ಸುದ್ದಿ, ಸಲಾಂ.

ರಮಝಾನಿಗೆ ಮುಂಚೆ ಬಹುತೇಕ ಮಸೀದಿಗಳಲ್ಲಿ ಅಟ್ಟ, ಕಪಾಟು ಸ್ವಚ್ಛ ಮಾಡುತ್ತಾರೆ. ಈ ಸಲ ಚೀಲ ಕಟ್ಟುವ ಮೊದಲು ಅರಬಿ, ಉರ್ದು ಓದಬಲ್ಲ ಇಬ್ಬರು ಯುವಕರನ್ನೋ, ಮನೆಯಲ್ಲಾದರೆ ಹೆಣ್ಣುಮಕ್ಕಳನ್ನೋ ಒಂದು ದಿನ ಕೂರಿಸಿ. ಕೈಬರಹದ ಪ್ರತಿ ಹಾಳೆಯ ಎರಡೂ ಬದಿಯ ಫೋಟೋ ಮೊಬೈಲಿನಲ್ಲೇ ತೆಗೆಯಲಿ. ಅದು ಯಾವ ಮಸೀದಿಯದ್ದು ಅಥವಾ ಯಾರ ಮನೆಯದ್ದು, ಯಾರ ಕೈಬರಹ ಎಂದು ಹಿರಿಯರನ್ನು ಕೇಳಿ ಒಂದು ನೋಟ್‌ಬುಕ್‌ನಲ್ಲಿ ಬರೆದಿಡಲಿ. ಏರೋಗ್ರಾಮ್ ಸಿಕ್ಕರೆ ಅಂಚೆ ಮುದ್ರೆಯ ಮೇಲಿನ ತಾರೀಖು ಕಾಣುವಂತೆ ಫೋಟೋ ತೆಗೆಯಲಿ. ಹಿಂಬದಿ ಖಾಲಿ ಇದೆಯೆಂದು ಬಿಡಬೇಡಿ, ಲೆಕ್ಕ ಅಲ್ಲೇ ಇರುತ್ತದೆ.